ಎಡಗೈ ಕಡೆಯ ಸ್ವಿಚ್ಚು

ಆ ಮನೆಯಲ್ಲಿ ಜಗಳಕ್ಕೆ ಪುರುಸೊತ್ತು ಸಿಗುವುದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತ್ರ. ಮಗ ಬೇಕರಿಯಲ್ಲಿ ಕೆಲಸ ಮಾಡುವವನು. ಬೆಳಗಿನ ಜಾವಕ್ಕೆ ಎದ್ದು ಹೋಗಿ, ಮಧ್ಯಾಹ್ನ ಕೈಯಲ್ಲೊಂದು ಬ್ರೆಡ್ಡು ಹಿಡಿದು ಬಂದು, ಅದನ್ನು ಮೇಜಿನ ಮೇಲಿಟ್ಟು ಮಲಗಿಬಿಡುತ್ತಾನೆ. ಸೊಸೆ ರಕ್ತ ಪರೀಕ್ಷೆಯ ಲ್ಯಾಬಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ, ಅಲ್ಲಿ ಹೊಲಿಗೆ ಯಂತ್ರದ ಸದ್ದಿನ ಮುಂದೆ ಬೇರೆ ಯಾರ ದನಿಗೂ ಬೆಲೆಯಿಲ್ಲ. ಅತ್ತೆಗೆ ಒಲೆ, ಪಾತ್ರೆ, ಬಟ್ಟೆ, ಮೊಮ್ಮಗಳು ಪುಟ್ಟಿಯ ಶಾಲೆಯ ಡಬ್ಬಿ. ಹೀಗಾಗಿ ವಾರವಿಡೀ ಕೂಡಿಟ್ಟ ಮಾತೆಲ್ಲ ಭಾನುವಾರ ತಟ್ಟೆಯ ಸುತ್ತ ಹೊರಗೆ ಬೀಳುತ್ತಿತ್ತು.

ಆ ಭಾನುವಾರ ಶುರು ಮಾಡಿದ್ದು ಸೊಸೆ.

"ಮಾವ, ಲ್ಯಾಬಿನಲ್ಲಿ ಹೊಸ ಕೆಲಸ ಬಂದಿದೆ. ನಡೆಯಕ್ಕಾಗದೆ ಇರೋರ ಮನೆಗೆ ಹೋಗಿ ರಕ್ತ ತೆಗೆದು ತರೋದು. ನನಗೇ ಕೊಡ್ತಾರಂತೆ."

"ಒಳ್ಳೇದೇ ಆಯ್ತಲ್ಲ," ಎಂದರು ಮಾವ, ಬ್ರೆಡ್ಡು ಮುರಿಯುತ್ತ.

"ಆದ್ರೆ ಗಾಡಿ ಬೇಕು, ಲೈಸೆನ್ಸೂ ಬೇಕು. ತಿಂಗಳ ಕೊನೆಯೊಳಗೆ. ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ."

ಬ್ರೆಡ್ಡು ಮುರಿಯುವುದು ನಿಂತಿತು. ಮನೆಯಲ್ಲಿದ್ದುದು ಒಂದೇ ಗಾಡಿ. ಮೂವತ್ತು ವರ್ಷದ ಹಳೆಯ ಮೋಟಾರ್ ಸೈಕಲ್. ಅದನ್ನು ಮಾವನ ಹೊರತು ಇನ್ನೊಬ್ಬರು ಓಡಿಸಿದ್ದನ್ನು ಕಂಡವರಿಲ್ಲ. ಮಗನಿಗೆ ಎರಡು ಚಕ್ರದ ಮೇಲೆ ನಂಬಿಕೆಯೇ ಇಲ್ಲ, ಅವನು ಬಸ್ಸಿನ ಗಿರಾಕಿ.

"ಆ ಗಾಡೀಲಾ? ಅದರ ಸ್ವಿಚ್ಚೇ ಸರಿಯಿಲ್ಲ ಕಣಮ್ಮಾ. ಎಡದ ಇಂಡಿಕೇಟರ್ ಹತ್ತಲ್ಲ. ಹಾರ್ನು ಮನಸ್ಸು ಬಂದ್ರೆ ಕೂಗುತ್ತೆ, ಇಲ್ಲಾಂದ್ರೆ ಇಲ್ಲ."

ಅದೇನೋ ನಿಜ. ಎಡಗೈ ಹಿಡಿಯ ಪಕ್ಕದ ಆ ಕಪ್ಪು ಡಬ್ಬಿಯೊಳಗೆ ಏನು ನಡೆಯುತ್ತಿತ್ತೋ ಯಾರಿಗೂ ತಿಳಿಯದು. ಮಾವ ಎಡಕ್ಕೆ ತಿರುಗುವುದನ್ನೇ ಬಿಟ್ಟು ತಿಂಗಳುಗಳಾಗಿದ್ದವು. ಎಡಕ್ಕೆ ಹೋಗಬೇಕಾದರೆ ಮುಂದೆ ಹೋಗಿ, ಮೂರು ಸಲ ಬಲಕ್ಕೆ ತಿರುಗಿ, ಇಡೀ ಬೀದಿಗೆ ಒಂದು ಸುತ್ತು ಹಾಕಿ, ಬೇಕಾದ ರಸ್ತೆಗೆ ಬರುತ್ತಿದ್ದರು. ಹಿಂದೆ ಕೂತ ಅತ್ತೆಗೆ ತರಕಾರಿ ಅಂಗಡಿಯ ಬಾಗಿಲು ಹೊರಡುವಾಗೊಮ್ಮೆ, ತಲುಪುವಾಗೊಮ್ಮೆ, ಎರಡು ಸಲ ದರ್ಶನ ಕೊಡುತ್ತಿತ್ತು.

"ಸ್ವಿಚ್ಚು ತಾನೇ? ರಿಪೇರಿ ಮಾಡಿಸಿದ್ರಾಯ್ತು," ಎಂದಳು ಸೊಸೆ.

"ಅದು ರಿಪೇರಿ ಆಗೋ ಜಾತಿಯಲ್ಲ."

"ಆದ್ರೆ?"

"ಆದ್ರೆ ಆ ದಿನವೇ ಗಾಡಿ ನಿಂದು. ಬೀಗದ ಕೈ ನಿನ್ನ ಕೈಗೆ ಕೊಡ್ತೀನಿ, ಸಾಕಾ?"

"ಎಲ್ಲರೂ ಕೇಳಿಸ್ಕೊಂಡ್ರಾ?" ಎಂದು ಸೊಸೆ ಸುತ್ತ ನೋಡಿದಳು.

"ನಾನು ಕೇಳಿಸ್ಕೊಂಡೆ," ಎಂದಳು ಪುಟ್ಟಿ, ಬಾಯಿತುಂಬ ಆಲೂಗಡ್ಡೆ ಇಟ್ಟುಕೊಂಡು.

ಸೊಸೆಗೆ ಆ ಕೆಲಸ ಎಷ್ಟು ಬೇಕಾಗಿತ್ತು ಎಂಬುದು ಆ ಮನೆಯಲ್ಲಿ ಅತ್ತೆಗೆ ಮಾತ್ರ ಸರಿಯಾಗಿ ಗೊತ್ತಿತ್ತು. ರಕ್ತ ತೆಗೆಯುವುದನ್ನು ಕಲಿತು ಪಾಸಾದವಳು ಆರು ವರ್ಷದಿಂದ ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ಗಾಜಿನ ನಳಿಕೆ ತೊಳೆಯುತ್ತ, ಚೀಟಿ ಅಂಟಿಸುತ್ತ ಕೂತಿದ್ದಳು. ಯಾರಾದರೂ ರಜೆ ಹಾಕಿದ ದಿನ ಮಾತ್ರ ಅವಳ ಕೈಗೆ ಸೂಜಿ. ತವರಿನಲ್ಲಿ ಅಣ್ಣನ ಗಾಡಿ ಓಡಿಸಿ ಪಳಗಿದ್ದಳು, ಕಲಿಯುವವರ ಲೈಸೆನ್ಸು ಆಗಲೇ ಪರ್ಸಿನಲ್ಲಿತ್ತು. ಇನ್ನು ಅಡ್ಡ ಇದ್ದದ್ದು ಒಂದು ಸ್ವಿಚ್ಚು, ಒಬ್ಬ ಮಾವ.

ಮೊದಲ ವಾರವೆಲ್ಲ ತಿರುಗಾಟದಲ್ಲೇ ಹೋಯಿತು. ಬಿಡಿಭಾಗದ ಅಂಗಡಿಯವನು ಫೋನಿನಲ್ಲಿದ್ದ ಚಿತ್ರ ನೋಡಿ, ಹಳೆಯ ಗೆಳೆಯನನ್ನು ಕಂಡವನಂತೆ ಖುಷಿಪಟ್ಟ. "ಅಯ್ಯೋ, ಇದಿನ್ನೂ ಓಡ್ತಾ ಇದೆಯಾ ಅಕ್ಕಾ? ಇದನ್ನ ಮಾಡೋರು ಅಂಗಡಿ ಬಾಗಿಲು ಹಾಕಿ ಎಷ್ಟೋ ವರ್ಷ ಆಯ್ತು. ಇದರ ಸ್ವಿಚ್ಚು ಈಗ ದೇವರ ಹತ್ರ ಕೇಳ್ಬೇಕು." ಬೀದಿ ಕೊನೆಯ ಮೆಕ್ಯಾನಿಕ್ಕನಿಗೆ 'ನಾಳೆ ಮೇಸ್ತ್ರಿ' ಎಂದೇ ಹೆಸರು. ಅವನು ಮೂರು ದಿನ ನಾಳೆ ಬನ್ನಿ ಎಂದ. ನಾಲ್ಕನೆಯ ದಿನ ಅವಳು ಕೇಳುವ ಮೊದಲೇ "ನಾಳೆ" ಎಂದ.

ಇತ್ತ ಮಾವ ಮಾತ್ರ ದಿನದಿನಕ್ಕೆ ಉಲ್ಲಾಸದಿಂದಿದ್ದರು. "ಏನಮ್ಮಾ, ಸ್ವಿಚ್ಚು ಸಿಕ್ತಾ?" ಎಂದು ಚಹಾ ಕುಡಿಯುತ್ತ ದಿನಕ್ಕೊಂದು ಸಲ ಕೇಳುವುದು ಅವರ ಹೊಸ ಅಭ್ಯಾಸವಾಯಿತು.

ದಾರಿ ತೋರಿಸಿದವನು ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳಲು ಬರುತ್ತಿದ್ದ ತಂತ್ರಜ್ಞ. "ಹೊಸದು ಯಾಕೆ? ಬಿಚ್ಚಿ ತೊಳೀರಿ. ಒಳಗೆ ಒಂದು ಜಾರೋ ಪಟ್ಟಿ, ನಾಲ್ಕು ಹಿತ್ತಾಳೆ ಬಿಲ್ಲೆ, ಒಂದು ಸ್ಪ್ರಿಂಗು, ಒಂದು ಗುಂಡು. ಅಷ್ಟೇ ಇರೋದು. ಸ್ಪಿರಿಟ್ಟಿನಲ್ಲಿ ತೊಳೆದು, ಹಿತ್ತಾಳೇನ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ. ಒಂದೇ ಮಾತು ನೆನಪಿಡಿ, ಕರೆಂಟು ಹಾಯೋ ಜಾಗಕ್ಕೆ ಎಣ್ಣೆ ಬಿಡಬಾರ್ದು."

ಎರಡನೆಯ ಭಾನುವಾರ ಊಟದ ಮೇಜು ಖಾಲಿಯಾದ ಕೂಡಲೇ ಸೊಸೆ ಆ ಕಪ್ಪು ಡಬ್ಬಿಯನ್ನು ಹಿಡಿಯಿಂದ ಬಿಡಿಸಿ ತಂದು ಅದರ ಮೇಲಿಟ್ಟಳು. ತಂತಿ ಕೀಳುವ ಮೊದಲು ಒಂದೊಂದರ ಬಣ್ಣವನ್ನೂ ಪುಟ್ಟಿಯ ಶಾಲೆಯ ಕ್ರೇಯಾನಿನಲ್ಲಿ ಕಾಗದದ ಮೇಲೆ ಬರೆದುಕೊಂಡಿದ್ದಳು. ಮಾವ ಪೇಪರು ಓದುವ ನೆವದಲ್ಲಿ ಕೋಣೆಯ ಬಾಗಿಲಲ್ಲಿ ಕೂತಿದ್ದರು. ಪೇಪರು ತಲೆಕೆಳಗಾಗಿದ್ದದ್ದನ್ನು ಯಾರೂ ಹೇಳಲಿಲ್ಲ.

ಸೊಸೆ ಸ್ಕ್ರೂ ತಿರುಗಿಸಿದ್ದೇ ತಡ, ಅವರಿಗೆ ತಡೆಯಲಾಗಲಿಲ್ಲ.

"ತಡಿ, ತಡಿ! ಬರೀ ಮೇಜಿನ ಮೇಲೆ ಬಿಚ್ತಾರೇನಮ್ಮಾ? ಬಿಳಿ ಬಟ್ಟೆ ಹಾಸು ಮೊದಲು. ಬಿದ್ದದ್ದು ಕಾಣ್ಬೇಕು, ಉರುಳಿದ್ದು ನಿಲ್ಬೇಕು."

"ನೀವು ಆ ಕಡೆ ಪಾರ್ಟಿ ಅಲ್ವಾ ಮಾವ?"

"ಪಾರ್ಟಿ ಬೇರೆ, ಪದ್ಧತಿ ಬೇರೆ," ಎಂದು ಒಳಗಿನಿಂದ ಒಂದು ಬಿಳಿ ಅಸ್ತರಿನ ತುಂಡು ತಂದು ಹಾಸಿದರು. "ಬಿಚ್ಚಿದ ಸಾಲಿನಲ್ಲೇ ಇಡ್ತಾ ಹೋಗು. ಮೊದಲು ಬಿಚ್ಚಿದ್ದು ಎಡಗಡೆ."

ಎರಡು ಹೋಳು ಬೇರೆಯಾದವು. ಒಳಗೆ ಹಿತ್ತಾಳೆಯೂ ಇಲ್ಲ, ಬಿಲ್ಲೆಯೂ ಇಲ್ಲ. ಕರ್ರಗೆ, ಜಿಗುಟಾಗಿ, ಹಳೆಯ ಬಾಣಲೆಯ ತಳದಂಥದ್ದು ಒಂದು ಮುದ್ದೆ. ಅತ್ತೆ ಬಗ್ಗಿ ಮೂಸಿದರು.

"ಇದೇನ್ರೀ, ಅಡುಗೆಮನೆ ವಾಸನೆ ಬರ್ತಿದೆ?"

"ಯಾರು ಎಣ್ಣೆ ಬಿಟ್ಟಿದ್ದು ಇದಕ್ಕೆ?" ಎಂದಳು ಸೊಸೆ.

ಮಾವ ಎದೆಯುಬ್ಬಿಸಿದರು. "ನಾನೇ. ಪ್ರತಿ ಶುಕ್ರವಾರ ಮೆಷೀನಿಗೆ ಬಿಡುವಾಗ ಇದಕ್ಕೂ ಎರಡು ತೊಟ್ಟು. ಅದಕ್ಕೇ ಇಷ್ಟು ವರ್ಷ ಬಾಳಿದ್ದು."

"ಅದು ಹೊಲಿಗೆ ಮೆಷೀನ್ ಎಣ್ಣೆ. ಈ ವಾಸನೆ ಅದಲ್ಲ."

ಅತ್ತೆ ಸೆರಗಿನ ತುದಿ ನೋಡಿಕೊಂಡರು. "ಒಂದೆರಡು ಸಲ… ಸಂತೆಗೆ ಹೋಗೋ ಮೊದಲು ಹಾರ್ನು ಸಿಕ್ಕಿಹಾಕ್ಕೊಂಡಿತ್ತು. ಒಗ್ಗರಣೆ ಎಣ್ಣೆ ಒಂದ್ ಚೂರು ಬಿಟ್ಟೆ. ಬಿಸಿ ಇರ್ಲಿಲ್ಲ."

ನಿದ್ದೆಯಿಂದೆದ್ದು ಬಂದ ಮಗ ನಗಲು ಶುರು ಮಾಡಿದ. ಹೆಂಡತಿ ಅವನ ಕಡೆ ತಿರುಗಿದಳು.

"ನೀವ್ಯಾಕೆ ನಗ್ತೀರಿ?"

"ಏನಿಲ್ಲ, ಬೇಕರಿ ಟ್ರೇಗೆ ಹಚ್ಚೋ ಬೆಣ್ಣೆ… ಅಪ್ಪ ಬೈತಾ ಇದ್ರಲ್ಲ, ಪಾಪ ಅಂತ ಒಂದ್ಸಲ ಹಚ್ಚಿದ್ದೆ."

"ನಾನು ತುಟಿ ಒಡೆದ್ರೆ ಹಚ್ಕೊಳೋದು ಹಚ್ಚಿದ್ದೆ," ಎಂದಳು ಪುಟ್ಟಿ. "ಅದೂ ಒಡೆದಿತ್ತು ಅಮ್ಮಾ."

ಎಲ್ಲರೂ ಸೊಸೆಯ ಮುಖ ನೋಡಿದರು. ಅವಳು ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದುತ್ತ ತಲೆ ತಗ್ಗಿಸಿದಳು. "ಮದುವೆಯಾದ ಹೊಸದರಲ್ಲಿ, ಮಾವನಿಗೆ ಸಹಾಯ ಆಗ್ಲಿ ಅಂತ… ಗ್ಲಿಸರಿನ್."

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲವಂತೆ. ಈ ಮನೆಯಲ್ಲಿ ಐದೇ ಜನ ಸೇರಿ ಒಂದು ಸ್ವಿಚ್ಚನ್ನು ಕೊಂದಿದ್ದರು, ಅದೂ ಪ್ರೀತಿಯಿಂದ. ಅತ್ತೆ ನಕ್ಕ ನಗೆಗೆ ಪಕ್ಕದ ಮನೆಯವರು ಕಿಟಕಿಯಿಂದ "ಏನಾಯ್ತ್ರೀ?" ಎಂದು ಕೇಳಿದರು. "ನಮ್ಮನೆ ಗಾಡಿಗೆ ಎಲ್ಲರೂ ಸೇರಿ ತಲೆಗೆಣ್ಣೆ ಇಟ್ಟಿದ್ವಿ," ಎಂದರು ಅತ್ತೆ.

ಆ ಮುದ್ದೆ ಬಿಡಿಸಲು ಎರಡು ತಾಸು ಬೇಕಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಹತ್ತಿ ಸುತ್ತಿದ ಕಡ್ಡಿ, ಪುಟ್ಟಿಯ ಹೊಸ ರಬ್ಬರು. ಹಿತ್ತಾಳೆ ಬಿಲ್ಲೆಗಳು ಒಂದೊಂದಾಗಿ ಹಳದಿ ಮುಖ ತೋರಿಸಿದವು. ನಡುವೆ ಸ್ಪ್ರಿಂಗು ಚಿಮ್ಮಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು ಎಲ್ಲೋ ಹಾರಿಹೋಯಿತು. ಐದು ಜನ ನೆಲಕ್ಕೆ ಮುಖವಿಟ್ಟು ಹುಡುಕಿದರು. ಕೊನೆಗೆ ಮಾವ, ಬಿದ್ದ ಸೂಜಿ ಹೆಕ್ಕಲು ಇಟ್ಟುಕೊಂಡಿದ್ದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೇಜಿನಡಿ ಎಳೆದಾಡಿದರು. ಮೂರು ಸೂಜಿ, ಒಂದು ಕೂದಲಪಿನ್ನು, ಒಂದು ಗುಂಡು ಬಂದವು. ಒಂದು ತಂತಿ ಒಳಗೇ ಮುರಿದಿತ್ತು. ಅದನ್ನು ಮಾರನೆಯ ದಿನ ಲ್ಯಾಬಿನಲ್ಲಿ ತಂತ್ರಜ್ಞ ಬೆಸುಗೆ ಹಾಕಿಕೊಟ್ಟ.

ಬುಧವಾರ ಸಂಜೆ ಡಬ್ಬಿ ಮತ್ತೆ ಹಿಡಿಗೆ ಏರಿತು. ಸೊಸೆ ಹೆಬ್ಬೆರಳಿನಿಂದ ಎಡಕ್ಕೆ ತಳ್ಳಿದಳು. ಟಿಕ್, ಟಿಕ್, ಟಿಕ್. ಎಡದೀಪ ಕಣ್ಣು ಹೊಡೆಯಿತು. ಬಲಕ್ಕೆ ಎಳೆದಳು, ಬಲದೀಪ. ಹಾರ್ನು ಒತ್ತಿದಳು. ಇಷ್ಟು ವರ್ಷ ಬೆಕ್ಕಿನ ಹಾಗೆ ಕೂಗುತ್ತಿದ್ದದ್ದು ಎಂಥ ದನಿ ತೆಗೆಯಿತೆಂದರೆ ಎದುರು ಮನೆಯ ನಾಯಿ ಎದ್ದು ಒಳಗೆ ಹೋಯಿತು. ಪುಟ್ಟಿ ಕುಣಿದಳು. ಅತ್ತೆಯೂ ಒತ್ತಿ ನೋಡಿದರು, ಮಗನೂ ಒತ್ತಿ ನೋಡಿದ. ಎಲ್ಲರಿಗೂ ಟಿಕ್ ಟಿಕ್.

"ಓಡಿಸಿ ನೋಡದೆ ನಾನು ಒಪ್ಪಲ್ಲ," ಎಂದು ಮಾವ ಗಾಡಿ ಹತ್ತಿ ಹೋದರು. ಬೀದಿಗೆ ಒಂದು ಸುತ್ತು ಹಾಕಿ ಬಲಗಡೆಯಿಂದಲೇ ಬಂದರು.

"ಇಲ್ಲ. ಎಡಕ್ಕೆ ಹೋಗ್ತಾನೇ ಇಲ್ಲ."

"ಈಗ ತಾನೇ ಹೋಯ್ತಲ್ಲ ಮಾವ!" ಸೊಸೆ ತಳ್ಳಿ ತೋರಿಸಿದಳು. ಟಿಕ್ ಟಿಕ್.

"ನೀನು ಒತ್ತಿದ್ರೆ ಹೋಗುತ್ತೆ, ನಾನು ಒತ್ತಿದ್ರೆ ಹೋಗಲ್ಲ. ಇದನ್ನ ಸರಿಯಾಯ್ತು ಅಂತಾರೇನು?"

ರಾತ್ರಿಯ ಊಟಕ್ಕೆ ಅದೇ ವಾದ. ಮಗ ಅಪ್ಪನ ಕಡೆಯೂ ಸೇರದೆ ಹೆಂಡತಿಯ ಕಡೆಯೂ ಸೇರದೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ಇಬ್ಬರದ್ದೂ ಸರಿ ಇರಬಹುದು" ಎಂದು ಇಬ್ಬರಿಂದಲೂ ಬೈಸಿಕೊಂಡ. ಸೊಸೆಗೆ ರೇಗಿತು. ತಿಂಗಳಲ್ಲಿ ಉಳಿದಿದ್ದು ಹತ್ತೇ ದಿನ, ಗಾಡಿಯಿಲ್ಲದೆ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ.

"ಕುಣಿಯಲಾರದೋರು ನೆಲ ಡೊಂಕು ಅಂದ್ರಂತೆ," ಎಂದುಬಿಟ್ಟಳು.

ಮಾವ ತಟ್ಟೆ ದೂರ ಸರಿಸಿದರು. ಅದರಲ್ಲಿ ಅರ್ಧ ಅನ್ನ ಹಾಗೇ ಇತ್ತು. ಎದ್ದು ಕೈ ತೊಳೆದುಕೊಂಡು ಮುಂದಿನ ಕೋಣೆಗೆ ಹೋದರು. ಆ ಮನೆಯಲ್ಲಿ ಜಗಳಕ್ಕೆ ಯಾರೂ ಹೆದರುವುದಿಲ್ಲ, ಊಟ ಬಿಟ್ಟು ಎದ್ದರೆ ಹೆದರುತ್ತಾರೆ. ಅತ್ತೆ ಸೌಟನ್ನು ಪಾತ್ರೆಯೊಳಗೆ ಕುಕ್ಕಿದರು. "ನಾಲಿಗೆ ಇದೆ ಅಂತ ಎಲ್ಲಾ ಗಾದೆನೂ ಆಡ್ಬಾರ್ದು ಕಣೇ."

ಬೆಳಗ್ಗೆ ಸೊಸೆ ತಾನೇ ಚಹಾ ಮಾಡಿ ಮುಂದಿನ ಕೋಣೆಗೆ ತೆಗೆದುಕೊಂಡು ಹೋದಳು. ಮಾವ ಮೆಷೀನಿನ ಮುಂದೆ ಬಗ್ಗಿಕೊಂಡು ಒಂದು ಅಂಗಿಯ ಗುಂಡಿಯನ್ನು ಎಡಗೈಯಲ್ಲಿ ಹಿಡಿಯಲು ನೋಡುತ್ತಿದ್ದರು. ಗುಂಡಿ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಮೂರನೆಯ ಸಲಕ್ಕೆ ಅವಳ ನೆರಳು ಕಂಡು ಕೈಯನ್ನು ಬಟ್ಟೆಯಡಿ ಸರಿಸಿದರು.

"ಮಾವ, ನಿನ್ನೆ ಬಾಯಿ ತಪ್ಪಿ ಅಂದೆ. ತಪ್ಪಾಯ್ತು."

"ಇರ್ಲಿ ಬಿಡಮ್ಮಾ."

"ಎಡಗೈ ಕೊಡಿ ಇಲ್ಲಿ."

"ಯಾಕೆ?"

"ಕೊಡಿ ಅಂದ್ರೆ. ಆರು ವರ್ಷ ಲ್ಯಾಬಿನಲ್ಲಿ ಸುಮ್ನೆ ಕೂತಿಲ್ಲ ನಾನು." ಅವರ ಹೆಬ್ಬೆರಳ ಮೇಲೆ ತನ್ನ ಬೆರಳಿಟ್ಟಳು. "ಈಗ ಹೊರಗಡೆಗೆ ತಳ್ಳಿ, ಎಡ ಇಂಡಿಕೇಟರ್ ಹಾಕೋ ಹಾಗೆ."

ಮಾವ ಹಲ್ಲು ಕಚ್ಚಿ ತಳ್ಳಿದರು. ಅವಳ ಬೆರಳು ಅಲುಗಾಡಲಿಲ್ಲ. ಹೆಬ್ಬೆರಳ ಬುಡದ ಮಾಂಸ ಬತ್ತಿ ಗುಳಿ ಬಿದ್ದಿತ್ತು.

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತೇನೋ. ಒಳಗೆ ಎಳೆಯೋಕೆ ಬರುತ್ತೆ, ಹೊರಗೆ ತಳ್ಳೋಕೆ ಬರಲ್ಲ. ಸ್ವಿಚ್ಚೂ ಕೆಟ್ಟಿತ್ತಲ್ಲ, ಅದರದ್ದೇ ತಪ್ಪು ಅಂದ್ಕೊಂಡೆ." ಕೈಯನ್ನು ಹಿಂದಕ್ಕೆ ಎಳೆದುಕೊಂಡು, "ಅಂದ್ಕೊಳ್ಬೇಕು ಅಂತ ಅಂದ್ಕೊಂಡೆ" ಎಂದರು.

"ಅತ್ತೆಗೆ ಹೇಳಿದ್ದೀರಾ?"

"ಹೇಳ್ಬೇಡ ಅವಳಿಗೆ. ಗಾಬರಿಯಾಗ್ತಾಳೆ."

ಪರದೆಯ ಹಿಂದಿನಿಂದ ಅತ್ತೆಯ ದನಿ ಬಂತು. "ಹೂಂ, ಹೇಳ್ಬೇಡಮ್ಮಾ. ಆರು ತಿಂಗಳಿಂದ ಗುಂಡಿ ಕಟ್ತಾ ಇರೋದು, ಕಾಜಾ ಹೊಲೀತಾ ಇರೋದು ಯಾರು ಅಂತ ಕೇಳು. 'ಕಣ್ಣು ಮಂಜಾಗಿದೆ, ಸ್ವಲ್ಪ ನೋಡೇ' ಅಂತ ನನ್ನ ಕೈಗೆ ಕೊಡ್ತಿದ್ರು. ಕಣ್ಣು ಮಂಜಾದೋರು ಪೇಪರಿನ ಮೂಲೆಯ ಸಣ್ಣಕ್ಷರ ಓದ್ತಾರಾ?"

ಮಾವನಿಗೆ ನಾಚಿಕೆಯೂ ಆಯಿತು, ಎದೆಯ ಭಾರ ಇಳಿದ ಹಾಗೂ ಆಯಿತು. ಬಚ್ಚಿಟ್ಟದ್ದು ಇಷ್ಟು ದಿನ ಎಲ್ಲರೆದುರಿಗೇ ಇತ್ತಲ್ಲ ಎಂದು ನಗುವೂ ಬಂತು.

"ಮೊದಲು ಗಾಡಿ ಕೈ ತಪ್ಪುತ್ತೆ, ಆಮೇಲೆ ಕತ್ತರಿ. ಅದಕ್ಕೇ ಹಟ ಮಾಡಿದೆ ಕಣಮ್ಮಾ. ನಿನ್ನ ಮೇಲೆ ಸಿಟ್ಟಿಲ್ಲ."

"ಕತ್ತರಿ ಹಿಡಿಯೋದು ಬಲಗೈಯಲ್ಲಿ ಅಲ್ವಾ ಮಾವ?"

"ಬಟ್ಟೆ ಹಿಡಿಯೋದು ಯಾವ ಕೈಯಲ್ಲಿ?"

 ಸೊಸೆ ಅವತ್ತೇ ರಜೆ ಹಾಕಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಕೈ ತಿರುಗಿಸಿ ನೋಡಿ, ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡಿದೆ, ಪಟ್ಟಿ ಕಟ್ಟಿ, ಎರಡು ತಿಂಗಳು ಆ ಕೈಗೆ ಬಿಡುವು ಕೊಡಿ, ಆಗದಿದ್ದರೆ ಒಂದು ಸಣ್ಣ ಆಪರೇಷನ್ ಇದೆ ಎಂದರು. "ಬಂದದ್ದು ತಡವಾಯ್ತು, ಆದ್ರೆ ಕೈ ಮೀರಿಲ್ಲ. ಇಷ್ಟು ದಿನ ಏನು ಮಾಡ್ತಿದ್ರಿ?"

"ಎಣ್ಣೆ ಬಿಡ್ತಿದ್ರು," ಎಂದಳು ಸೊಸೆ.

ಮುಂದಿನ ಭಾನುವಾರ ಊಟಕ್ಕೆ ಕೂತಾಗ ಮಾವ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡರು.

"ಸ್ವಿಚ್ಚು ಸರಿಯಾಗಿದೆ."

"ಕೇಳಿಸ್ಲಿಲ್ಲ ತಾತ," ಎಂದಳು ಪುಟ್ಟಿ.

"ಸ್ವಿಚ್ಚು ಸರಿಯಾಗಿದೆ ಅಂದೆ! ಪರೀಕ್ಷೆ ಪಾಸು ಮಾಡಿದ ಗಳಿಗೆಗೆ ಬೀಗದ ಕೈ ಅವಳದ್ದು. ಲೈಸೆನ್ಸು ಇಲ್ಲದೋರಿಗೆ ಮಾತ್ರ ರಸ್ತೆ ಮೇಲೆ ನನ್ನ ಗಾಡಿ ಕೊಡಲ್ಲ. ಅಲ್ಲಿ ತನಕ ನಾನೇ ಕರ್ಕೊಂಡು ಹೋಗ್ತೀನಿ."

ಯಾರು ಬೇಡವೆಂದರೂ ಕೇಳಲಿಲ್ಲ. ಶುಕ್ರವಾರ ಬೆಳಗ್ಗೆ ಪಟ್ಟಿ ಬಿಚ್ಚಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೊಸೆಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಪರೀಕ್ಷೆಯ ಮೈದಾನ ಮನೆಯಿಂದ ಎಡಕ್ಕೆ. ಇವರು ಬಲಕ್ಕೆ, ಬಲಕ್ಕೆ, ಇನ್ನೊಮ್ಮೆ ಬಲಕ್ಕೆ ತಿರುಗಿ, ಕಾಲು ಗಂಟೆ ತಡವಾಗಿ ತಲುಪಿದರು. ಸೊಸೆ ದಾರಿಯುದ್ದಕ್ಕೂ ಗಡಿಯಾರ ನೋಡಿಕೊಂಡಳು.

ಇನ್ಸ್‌ಪೆಕ್ಟರು ಒಂದು ಕೈಯಲ್ಲಿ ಚಹಾ ಲೋಟ, ಇನ್ನೊಂದರಲ್ಲಿ ಕಾಗದದ ಹಲಗೆ ಹಿಡಿದು ನಿಂತಿದ್ದರು. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಓಡುತ್ತೇನಮ್ಮಾ?" ಎಂದರು.

"ಓಡುತ್ತೆ ಸಾರ್."

"ಎಡ."

ಟಿಕ್ ಟಿಕ್.

"ಬಲ."

ಟಿಕ್ ಟಿಕ್.

"ಹಾರ್ನು."

ಲೋಟದ ಅರ್ಧ ಚಹಾ ಇನ್ಸ್‌ಪೆಕ್ಟರ ಶೂಗೆ ಬಿತ್ತು. "ಸಾಕು, ಸಾಕು! ಎಂಟು ಹಾಕಿ ಬನ್ನಿ."

ಅವಳು ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿದಳು. ತಂತಿಬೇಲಿಯ ಹಿಂದೆ ನಿಂತ ಮಾವ, ಅವಳು ತಿರುಗಿದ ಕಡೆಗೆಲ್ಲ ತಾವೂ ವಾಲಿದರು. ಕಾಗದದ ಮೇಲೆ ಸೀಲು ಬಿದ್ದ ಸದ್ದು ಅವರಿಗೂ ಕೇಳಿಸಿತು. ಸೋಮವಾರದಿಂದ ಸೊಸೆಗೆ ಕಿಟಕಿಯಿಲ್ಲದ ಆ ಕೋಣೆಯಿಲ್ಲ. ಅವಳು ಓಡಿಬಂದು ಬೀಗದ ಕೈ ಚಾಚಿದಾಗ ಮಾವ ಅದನ್ನು ಮತ್ತೆ ಅವಳ ಅಂಗೈಗೇ ಹಾಕಿ ಬೆರಳು ಮಡಿಸಿದರು. ಅವಳಿಗೆ ಅಳು ಬಂತು. ಅವರಿಗೂ ಬಂತು, ಆದರೆ ಅವರು ಅದಕ್ಕೆ ಧೂಳಿನ ಹೆಸರು ಹೇಳಿದರು.

"ಹತ್ತಿ ಮಾವ. ಊಟಕ್ಕೆ ಹೊತ್ತಾಯ್ತು."

ಮಾವ ಹಿಂದಿನ ಸೀಟಿನ ಪಕ್ಕ ನಿಂತು ಅದನ್ನು ಹೊಸ ವಸ್ತುವೆಂಬಂತೆ ನೋಡಿದರು. ಒಂದು ಕಾಲು ಹಾಕಿದರು, ಕೂತರು, ಕಾಲಿಡುವ ಜಾಗ ಹುಡುಕಿದರು. ಕೈಗಳು ಗಾಳಿಯಲ್ಲೇ ಉಳಿದವು.

"ಎಲ್ಲಿ ಹಿಡ್ಕೊಳ್ಳೋದಮ್ಮಾ ಇಲ್ಲಿ? ಒಂದು ಕಂಬಿನೂ ಇಲ್ಲ."

"ನಾನು ಬರೋವಾಗ ಸೀಟಿನ ಪಟ್ಟಿ ಹಿಡ್ಕೊಂಡಿದ್ದೆ. ಅರ್ಧ ದಾರೀಲಿ ಅದೂ ಕಿತ್ತು ಬಂತು. ಅತ್ತೆ ಎಲ್ಲಿ ಹಿಡ್ಕೊಳ್ತಾರೆ?"

ಮಾವ ಹೇಳಲು ಬಾಯಿ ತೆರೆದರು. ಮೂವತ್ತು ವರ್ಷ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸಂತೆ, ಆಸ್ಪತ್ರೆ, ಮದುವೆ, ಸಾವು ಎಲ್ಲ ಕಡೆಗೂ ಕರೆದುಕೊಂಡು ಹೋಗಿದ್ದರು.

"ಗೊತ್ತಿಲ್ಲ ಕಣಮ್ಮಾ," ಎಂದರು ಕೊನೆಗೆ. "ಒಂದು ದಿನಾನೂ ಹಿಂದೆ ತಿರುಗಿ ನೋಡಿಲ್ಲ."

ಮನೆ ತಲುಪುವ ತನಕ ಸೊಸೆಯ ಭುಜದ ಮೇಲೆ ಎರಡು ಬೆರಳಿಟ್ಟುಕೊಂಡು ಕೂತಿದ್ದರು. ಬಾಗಿಲಲ್ಲಿ ಅತ್ತೆ, ಮಗ, ಪುಟ್ಟಿ ಕಾಯುತ್ತಿದ್ದರು. ಸೀಲು ಬಿದ್ದ ಕಾಗದ ನೋಡಿ ಕೂಗಿದ್ದೂ ಆಯಿತು, ಪುಟ್ಟಿ ಹಾರ್ನು ಒತ್ತಿದ್ದೂ ಆಯಿತು. ಎಲ್ಲರೂ ಒಳಗೆ ಹೋದ ಮೇಲೆ ಮಾವ ಹೆಂಡತಿಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು.

"ಲೇ, ನೀನು ಗಾಡಿ ಹಿಂದೆ ಕೂತಾಗ ಏನು ಹಿಡ್ಕೊಳ್ತಿದ್ದೆ?"

"ನಿಮ್ಮ ಅಂಗೀನ. ಎಡ ಪಕ್ಕ, ಸೊಂಟದ ಹತ್ರ. ಇನ್ನೇನಿತ್ತು ಹಿಡ್ಕೊಳ್ಳೋಕೆ?"

ಮಾವ ಕೆಳಗೆ ನೋಡಿಕೊಂಡರು. ತೊಟ್ಟಿದ್ದ ಒಳ್ಳೆಯ ಅಂಗಿಯ ಎಡ ಪಕ್ಕದಲ್ಲಿ, ತಾವೇ ಸಣ್ಣಗೆ ಹಾಕಿದ ತೇಪೆ ಇತ್ತು. ಒಳಗೆ ಗೂಟಕ್ಕೆ ನೇತುಹಾಕಿದ ಅಂಗಿಗಳಿಗೂ ಅಲ್ಲೇ ತೇಪೆ, ಅದಕ್ಕೂ ಹಿಂದೆ ಒರೆಸುವ ಬಟ್ಟೆಯಾಗಿ ಹೋದ ಅಂಗಿಗಳಿಗೂ ಅಲ್ಲೇ. ಬಟ್ಟೆಯೇ ಕಳಪೆ ಎಂದು ಮೂವತ್ತು ವರ್ಷ ಅಂಗಡಿ ಬದಲಿಸಿದ್ದರು, ಗಿರಣಿಯವರನ್ನು ಬಾಯಿಗೆ ಬಂದ ಹಾಗೆ ಬೈದಿದ್ದರು.

"ಒಂದ್ ಮಾತು ಹೇಳ್ಬಾರ್ದಿತ್ತೇನೇ?"

"ಏನಂತ? ಬೀಳ್ತೀನಿ ಅಂತ ಭಯ, ಅದಕ್ಕೇ ಹಿಡ್ಕೊಂಡಿದ್ದೀನಿ ಅಂತಾನಾ?" ಅತ್ತೆ ನಕ್ಕು ಒಳಗೆ ತಿರುಗಿದರು. "ಬನ್ನಿ, ಅನ್ನ ಆರುತ್ತೆ."